ಸೊಲ್ಲೆತ್ತಿದವಳು

ಸಂಗನಬಸವನನ್ನು ಕಂಡರೆ ಸುನೀಲನಿಗೆ ಹೊಟ್ಟೆಕಿಚ್ಚು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಸುನೀಲ ತಾನಾಗಿ ಹೇಳುವ ಆಸಾಮಿಯಲ್ಲ. ಮಸ್ಕಿಯ ಸರ್ಕಾರಿ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಾನೆ, ವಯಸ್ಸು ನಲವತ್ತೆರಡು, ಮಾತು ಮೆತ್ತಗೆ. ಸ್ಟಾಫ್ ರೂಮಿನಲ್ಲಿ ಯಾರಾದರೂ ಸಿಂಧನೂರಿನ ಅಕ್ಕಿ ಗಿರಣಿಯ ಸಂಗನಬಸವನ ಹೆಸರೆತ್ತಿದರೆ, ಭಾಳ ಒಳ್ಳೆ ಮನುಷ್ಯ ಅನ್ನುತ್ತಿದ್ದ. ಅಂದಾದ ಮೇಲೆ ಬುತ್ತಿಯ ರೊಟ್ಟಿಯನ್ನು ಹಾಗೇ ಕಟ್ಟಿಡುತ್ತಿದ್ದ.

ಒಳ್ಳೆಯವನಾಗಿದ್ದದ್ದೇ ತೊಂದರೆ. ಕೆಟ್ಟವನಾಗಿದ್ದರೆ ನಾಲ್ಕು ಬೈದು ಹಗುರಾಗಬಹುದಿತ್ತು.

ಇಬ್ಬರೂ ಸಾಲಗುಂದದವರು. ಸಂಗನಬಸವನ ಅಪ್ಪ ಬಸವಂತರಾಯರಿಗೆ ಕಾಲುವೆ ನೀರಿನ ನಲವತ್ತು ಎಕರೆ ಗದ್ದೆ. ಸುನೀಲನ ತಾಯಿ ಗಾಳೆಮ್ಮ ಆ ಗದ್ದೆಯಲ್ಲಿ ಇಪ್ಪತ್ತೈದು ವರ್ಷ ಸಸಿ ನೆಟ್ಟವಳು. ನಾಟಿಗಿಳಿದ ಹೆಣ್ಣುಮಕ್ಕಳ ಗುಂಪಿಗೆ ಆಗೆಲ್ಲ ಸೊಲ್ಲೆತ್ತುವವಳು ಒಬ್ಬಳಿರಬೇಕಿತ್ತು. ಅವಳು ಒಂದು ಸೊಲ್ಲು ಹಾಡಿದರೆ ಉಳಿದವರು ಅದನ್ನೇ ತಿರುಗಿ ಹಾಡುತ್ತ ಬಗ್ಗಿ ನೆಡುವರು. ಹಾಡು ಎಷ್ಟು ಓಡುತ್ತದೋ ಕೈ ಅಷ್ಟು ಓಡುತ್ತದೆ. ಒಳ್ಳೆಯ ಸೊಲ್ಲಿನವಳಿದ್ದರೆ ಮೂರು ದಿನದ ಕೆಲಸ ಎರಡು ದಿನಕ್ಕೆ ಮುಗಿಯುತ್ತದೆಂದು ಬಸವಂತರಾಯರು ಅವಳಿಗೆ ಕೂಲಿಯ ಮೇಲೆ ಒಂದು ಸೇರು ಅಕ್ಕಿ ಕೊಡುತ್ತಿದ್ದರು. ಆ ಸೊಲ್ಲೆತ್ತುವವಳು ತಾನೇ ಎಂದು ಗಾಳೆಮ್ಮ ಮಕ್ಕಳ ಮುಂದೆ ಎಷ್ಟೋ ಸಲ ಹೇಳಿಕೊಂಡಿದ್ದಳು. ಸುನೀಲ ಆ ಮಾತು ಕೇಳಿದ್ದನೇ ಹೊರತು ಹಾಡು ಕೇಳಿರಲಿಲ್ಲ. ಚಿಕ್ಕಂದಿನಲ್ಲಿ ಅಜ್ಜಿಯ ಊರಿನಲ್ಲಿದ್ದ, ಐದನೇ ಇಯತ್ತೆಗೇ ಅವನನ್ನು ಲಿಂಗಸುಗೂರಿನ ಹಾಸ್ಟೆಲಿಗೆ ಸೇರಿಸಿದ್ದರು. ಅವನು ರಜೆಗೆ ಬಂದಾಗ ನಾಟಿ ಇರುತ್ತಿರಲಿಲ್ಲ, ಮನೆಯಲ್ಲಿ ಅವಳು ಹಾಡುತ್ತಿರಲಿಲ್ಲ.

ಬದುವಿನ ಮೇಲೆ ಕೂತು ವರ್ಷಕ್ಕೆರಡು ಬೆಳೆಯ ನಾಟಿಹಾಡು ಕೇಳಿ ಬೆಳೆದವನು ಸಂಗನಬಸವ. ತನ್ನ ತಾಯಿಯ ಹಾಡು ಇನ್ನೊಬ್ಬರ ಮಗನ ಕಿವಿಗೆ ಬಿತ್ತು ಎಂಬುದು ಸುನೀಲನಿಗೆ ಹಾಸ್ಟೆಲಿನ ದಿನಗಳಿಂದಲೂ ಚುಚ್ಚುತ್ತಿತ್ತು. ಆದರೆ ಅದಕ್ಕೆ ನಿಜವಾಗಿ ಉರಿ ಹತ್ತಿದ್ದು ಹೋದ ವರ್ಷ.

ಸಂಗನಬಸವ ಫೋನು ಮಾಡಿ ಕರೆದಿದ್ದ. ಹುಡುಗನಾಗಿದ್ದಾಗ ಬದುವಿನ ಮೇಲೆ ಟೇಪ್ ರೆಕಾರ್ಡರ್ ಇಟ್ಟು ಹಿಡಿದಿದ್ದ ನಾಟಿಹಾಡಿನ ಕ್ಯಾಸೆಟ್ ಅಟ್ಟದಲ್ಲಿ ಸಿಕ್ಕಿದೆ, ಹೈದರಾಬಾದಿನಲ್ಲಿ ಕೊಟ್ಟು ಕಂಪ್ಯೂಟರಿಗೆ ಇಳಿಸಿಕೊಂಡು ಬಂದಿದ್ದೇನೆ, ಬಾ ಕೇಳು ಎಂದ. ಗಿರಣಿಯ ಮೇಲಿನ ಮಾಳಿಗೆಯಲ್ಲಿ ಅವನಿಗೆ ಹಾಡು ಕೇಳಲೆಂದೇ ಒಂದು ಕೋಣೆ. ಗೋಡೆಗೆಲ್ಲ ದಪ್ಪ ಬಟ್ಟೆ, ಎದೆಯೆತ್ತರದ ಸ್ಪೀಕರುಗಳು, ಇಬ್ಬರು ಹಮಾಲರು ಎತ್ತಬೇಕಾದ ವಿದೇಶದ ಆಂಪ್ಲಿಫೈಯರು. ಹಾಡು ಶುರುವಾಯಿತು. ಮೊದಲು ಕೆಸರು ನೀರು ಕಲಕುವ ಸದ್ದು, ಬಳೆಗಳ ಸದ್ದು. ಆಮೇಲೆ ಒಬ್ಬ ಹೆಂಗಸಿನ ದನಿ ಎದ್ದಿತು. ತುಂಬಿದ ದನಿ, ಒಂದಿಷ್ಟೂ ಅಳುಕಿಲ್ಲ. ಎದುರಿಗೇ ನಿಂತು ಹಾಡಿದ ಹಾಗೆ.

“ನಮ್ಮವ್ವ” ಎಂದ ಸುನೀಲ. ಅವನ ಕಣ್ಣಲ್ಲಿ ನೀರು ಬಂದುಬಿಟ್ಟಿತು.

ಸಂಗನಬಸವ ಏಸಿಯ ರಿಮೋಟು ಹುಡುಕುತ್ತ ಆ ಕಡೆ ತಿರುಗಿಕೊಂಡ. ಹೋಗುವಾಗ ಹಾಡನ್ನು ಪೆನ್‌ಡ್ರೈವಿಗೆ ಹಾಕಿ ಕೈಗಿಟ್ಟ, ಐದು ಕಿಲೋ ಸೋನಾಮಸೂರಿಯನ್ನೂ ಬಲವಂತದಿಂದ ಬೈಕಿಗೆ ಕಟ್ಟಿಸಿದ.

ಮಸ್ಕಿಗೆ ವಾಪಸು ಬರುವಷ್ಟರಲ್ಲಿ ಕಣ್ಣೀರು ಆರಿ ಉರಿ ಉಳಿದಿತ್ತು. ತಾಯಿಯನ್ನು ಗದ್ದೆಯಲ್ಲಿ ದುಡಿಸಿಕೊಂಡದ್ದು ಸಾಲದೆಂದು ದನಿಯನ್ನೂ ಮಾಳಿಗೆಯಲ್ಲಿ ಇಟ್ಟುಕೊಂಡಿದ್ದಾರೆ ಎನ್ನಿಸಿತು. ಮನೆಯಲ್ಲಿ ಪೆನ್‌ಡ್ರೈವನ್ನು ಟಿವಿಗೆ ಚುಚ್ಚಿ ನೋಡಿದ. ತಗಡಿನ ಡಬ್ಬಿಯೊಳಗೆ ಕೂತು ಕೂಗಿದ ಹಾಗೆ ಕೇಳಿತು. ಅದೇ ಹಾಡು, ಅದೇ ತಾಯಿ. ಅವನ ಮನೆಯಲ್ಲಿ ಹಾಗೆ, ಇವನ ಮನೆಯಲ್ಲಿ ಹೀಗೆ. ಅವತ್ತೇ ಸುನೀಲ ಗಟ್ಟಿ ಮಾಡಿಕೊಂಡ. ಅವ್ವನ ದನಿ ಸಿಂಧನೂರಿನ ಮಾಳಿಗೆಗಿಂತ ಚೆನ್ನಾಗಿ ತನ್ನ ಮನೆಯಲ್ಲಿ ಕೇಳಬೇಕು, ಅದನ್ನು ಸಂಗನಬಸವನನ್ನು ಕೂರಿಸಿಕೊಂಡು ಕೇಳಿಸಬೇಕು. ಸಾಲಗುಂದದಲ್ಲಿ ತಮ್ಮ ಮಲ್ಲೇಶನ ಮನೆಯಲ್ಲಿದ್ದ ಅವ್ವನಿಗೆ ಅಲ್ಲಿಯತನಕ ಸುದ್ದಿಯನ್ನೂ ಹೇಳಬಾರದು.

ಸ್ಪೀಕರುಗಳೇನೋ ದೊರೆತವು. ಲಿಂಗಸುಗೂರಿನಲ್ಲಿ ಗಣಿಯ ಅಧಿಕಾರಿಯೊಬ್ಬರು ನಿವೃತ್ತರಾಗಿ ಊರು ಬಿಡುತ್ತಿದ್ದರು. ಅವರ ಹತ್ತಿರ ಇಂಗ್ಲೆಂಡಿನ ಒಂದು ಜೋಡಿ ಇತ್ತು, ಹೊಸದಕ್ಕೆ ಸಣ್ಣ ಕಾರಿನ ಬೆಲೆ. ಆಂಪ್ಲಿಫೈಯರನ್ನು ಅಳಿಯ ಆಗಲೇ ಒಯ್ದಿದ್ದ, ಸ್ಪೀಕರು ಮಾತ್ರ ಉಳಿದಿದ್ದವು. ಸುನೀಲ ಕಾರಿಗೆಂದು ಕೂಡಿಟ್ಟಿದ್ದ ದುಡ್ಡಿನ ಮುಕ್ಕಾಲು ಭಾಗ ಸುರಿದು, ಹಾಸಿಗೆಯಲ್ಲಿ ಸುತ್ತಿ, ಟಂಟಂ ಗಾಡಿಯಲ್ಲಿ ಸಂತೆಕಲ್ಲೂರಿನ ದಾರಿಯಲ್ಲಿ ಮೆಲ್ಲಗೆ ತಂದ. ರಸ್ತೆಯ ಒಂದೊಂದು ಗುಂಡಿಗೂ ಅವನ ಜೀವ ಹೋಗಿ ಬರುತ್ತಿತ್ತು. ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ಹೆಂಡತಿ ಸುರೇಖಾ ಅವನ್ನು ನೋಡಿ, ಕಾರು ಬರ್ತೈತಿ ಅಂದ್ರ ಕಪಾಟು ಬಂತಲ್ಲ ಎಂದು ನಕ್ಕಳು.

ಉಳಿದದ್ದು ನಲವತ್ತು ಸಾವಿರ. ಆಂಪ್ಲಿಫೈಯರು ಅದರೊಳಗೇ ಆಗಬೇಕು. ಸುನೀಲ ಒಂದು ತಿಂಗಳು ಮೊಬೈಲಿನಲ್ಲಿ ಓದಿದ. ಒಬ್ಬ ಹೇಳುತ್ತಾನೆ, ಸ್ಪೀಕರಿಗೆ ಎಷ್ಟು ಕೊಟ್ಟೆಯೋ ಅಷ್ಟೇ ಇದಕ್ಕೂ ಕೊಡು. ಇನ್ನೊಬ್ಬ ಹೇಳುತ್ತಾನೆ, ನಾಲ್ಕು ಸಾವಿರದ ಚೀನಾ ಡಬ್ಬಿ ಸಾಕು. ಮತ್ತೊಬ್ಬ ಹೇಳುತ್ತಾನೆ, ಹಳೆಯದನ್ನು ಹುಡುಕು. ಎಲ್ಲರೂ ಒಪ್ಪಿದ್ದು ಒಂದೇ ಮಾತು: ಈ ಜಾತಿಯ ಸ್ಪೀಕರು ಬಹಳ ಕರೆಂಟು ಎಳೆಯುತ್ತವೆ, ಇವಕ್ಕೆ ಹೇಳಿಕೊಳ್ಳುವ ವಾಟು ಮುಖ್ಯವಲ್ಲ, ಹೊರುವ ತಾಕತ್ತು ಮುಖ್ಯ. ಹತ್ತನೇ ಕ್ಲಾಸಿಗೆ ಓಮ್‌ನ ನಿಯಮ ಕಲಿಸುವ ಮೇಷ್ಟರಿಗೆ ಇದು ಅರ್ಥವಾಗದ ಮಾತೇನಲ್ಲ.

ಅಷ್ಟರಲ್ಲಿ ಸಂಗನಬಸವನ ಫೋನು. ಸುದ್ದಿ ಹೇಗೋ ಮುಟ್ಟಿತ್ತು. ತನ್ನ ಹಳೆಯ ಆಂಪ್ಲಿಫೈಯರು ಮೆಟ್ಟಿಲ ಕೆಳಗೆ ಸುಮ್ಮನೆ ಬಿದ್ದಿದೆ, ಆ ಸ್ಪೀಕರಿಗೆ ಹೇಳಿ ಮಾಡಿಸಿದ ಹಾಗಿದೆ, ರೊಕ್ಕದ ಮಾತೇ ಬೇಡ, ತಗೊಂಡು ಹೋಗು ಎಂದ. ಸುನೀಲನಿಗೆ ಮೈಯೆಲ್ಲ ಉರಿದುಹೋಯಿತು. ಬೇಡಪ್ಪ, ನಾ ಒಂದು ನೋಡೀನಿ ಎಂದ. ಆಮೇಲೆ ತನ್ನ ಮರ್ಯಾದೆ ಬಿಟ್ಟು, ನಿನ್ನ ದೊಡ್ಡದು ಎಷ್ಟು ವಾಟಿಂದು ಎಂದು ಕೇಳಿದ. ಎಂಬತ್ತು ಎಂದ ಸಂಗನಬಸವ.

ಆ ಎಂಬತ್ತು ಸುನೀಲನ ತಲೆಯಲ್ಲಿ ಕೂತುಬಿಟ್ಟಿತು. ಓದಿದ್ದೆಲ್ಲ ಒಂದು ಕಡೆ ಹೋಯಿತು, ಎಂಬತ್ತನ್ನು ಮೀರಬೇಕು ಎಂಬುದೊಂದೇ ಉಳಿಯಿತು. ಸಿಂಧನೂರಿನ ಅಂಗಡಿಯೊಂದರಲ್ಲಿ ದೊಡ್ಡ ಕರಿ ಪೆಟ್ಟಿಗೆ ಇತ್ತು, ಮುಂದೆಲ್ಲ ನೀಲಿ ದೀಪ, ಡಬ್ಬಿಯ ಮೇಲೆ ಬೆರಳುದ್ದದ ಅಕ್ಷರದಲ್ಲಿ ನೂರೈವತ್ತು ವಾಟ್ ಎಂದು ಬರೆದಿತ್ತು. ಸಿನಿಮಾ ನೋಡಲು ಏಳು ಸಣ್ಣ ಸ್ಪೀಕರು ಕಟ್ಟುವಂಥದ್ದು. ಅಂಗಡಿಯವನು ನಾಲ್ಕು ಮಾತು ಹೇಳುವ ಮೊದಲೇ ಸುನೀಲ ಪಾಕೀಟು ತೆಗೆದಿದ್ದ. ಅಂಗಡಿಯ ಎದುರೇ ಸಂಗನಬಸವನ ಗಿರಣಿಯ ಲಾರಿ ನಿಂತಿತ್ತು, ಅದನ್ನು ನೋಡಿಕೊಂಡೇ ಎಣಿಸಿ ಕೊಟ್ಟ.

ಒಂದು ರವಿವಾರ ಬೆಳಿಗ್ಗೆ ಸಂಗನಬಸವ, ಅವನ ಹೆಂಡತಿ ಶೈಲಜಾ ಮಸ್ಕಿಗೆ ಬಂದರು. ಅವನ ಅಪ್ಪ ಎಂದೂ ಕಾಲಿಡದಂಥ ಮನೆಯಲ್ಲಿ ಕೂತು ಇಬ್ಬರೂ ಉಪ್ಪಿಟ್ಟು ತಿಂದರು. ಸುನೀಲ ಹಾಡು ಹಚ್ಚಿ ದನಿ ಏರಿಸಿದ. ನೀರು ಕಲಕಿತು, ಬಳೆ ಸದ್ದಾದವು, ದನಿ ಎದ್ದು ಮೇಲೇರುವ ಜಾಗಕ್ಕೆ ಬಂದಾಗ ಪೆಟ್ಟಿಗೆಯೊಳಗೆ ಟಕ್ ಎಂದಿತು. ಮನೆಯೆಲ್ಲ ಮೌನ. ಬಂದ್ ಮಾಡಿ ಮತ್ತೆ ಹಚ್ಚಿದ, ಮತ್ತೆ ಅದೇ ಜಾಗದಲ್ಲಿ ಟಕ್. ಮೂರನೇ ಸಲವೂ ಅದೇ. ಅವ್ವ ಬಾಯಿ ತೆರೆದಾಗಲೆಲ್ಲ ಆ ನೂರೈವತ್ತು ವಾಟಿನ ಪೆಟ್ಟಿಗೆ ಹೆದರಿ ಕೈಚೆಲ್ಲಿ ಕೂರುತ್ತಿತ್ತು. ಸಂಗನಬಸವ ನಗಲಿಲ್ಲ. ಬಿಸಿ ಆಗಿರಬೇಕು, ಸ್ಪೀಕರು ಭಾರದವು ಅದಾವ, ನನ್ನ ಹಳೇದನ್ನ ನಾಳೆ ಕಳಿಸಿಬಿಡ್ತೀನಿ ಎಂದ. ಶೈಲಜಾ ಉಪ್ಪಿಟ್ಟು ಬಹಳ ರುಚಿಯಾಗಿತ್ತು ಎಂದು ಎರಡೆರಡು ಸಲ ಹೇಳಿದಳು. ನಕ್ಕಿದ್ದರೇ ಚೆನ್ನಾಗಿತ್ತು.

ಅವರು ಹೋದ ಮೇಲೆ ಸುರೇಖಾ, ಅಷ್ಟು ಪ್ರೀತಿಯಿಂದ ಕೊಡುವಾಗ ತಗೊಳ್ಳಬಾರದೇ ಎಂದು ಕೇಳಿದಳು.

“ಅವನ ಮಷೀನಿನ್ಯಾಗ ನಮ್ಮವ್ವ ಯಾಕ ಹಾಡಬೇಕು?” ಎಂದ ಸುನೀಲ. “ಅವರ ಗದ್ಯಾಗ ಹಾಡಿದ್ದು ಸಾಲದೇನು?”

ಸುರೇಖಾ ಉಪ್ಪಿಟ್ಟಿನ ತಟ್ಟೆಗಳನ್ನು ಎತ್ತಿಕೊಂಡು ಒಳಗೆ ಹೋದಳು.

ಅಂಗಡಿಯವನು ಪೆಟ್ಟಿಗೆ ವಾಪಸು ತಗೊಂಡ, ಆದರೆ ಒಂಬತ್ತು ಸಾವಿರ ಮುರಿದುಕೊಂಡ. ಕೈ ಸುಟ್ಟುಕೊಂಡ ಸುನೀಲ ಕೊನೆಗೆ ಜಂಗ್ಲಿಸಾಬರ ಬಳಿ ಹೋದ. ಮಸ್ಕಿಯಲ್ಲಿ ಎಲ್ಲರೂ ಮೊದಲೇ ಇವರ ಹೆಸರು ಹೇಳಿದ್ದರು, ಇವನೇ ಮೂಗು ಮುರಿದಿದ್ದ. ಮಸೀದಿಯ ಮೈಕು, ಭಜನೆಯವರ ಆಂಪ್ಲಿಫೈಯರು, ನಾಟಕದವರ ಸೆಟ್ಟು ರಿಪೇರಿ ಮಾಡುವ ಮುದುಕ; ಅಂಗಡಿಯ ತುಂಬ ಫ್ಯಾನು, ಮಿಕ್ಸಿ. ಇಂಗ್ಲೆಂಡಿನ ಸ್ಪೀಕರಿಗೂ ಈ ಅಂಗಡಿಗೂ ಏನು ಸಂಬಂಧ ಎಂದುಕೊಂಡಿದ್ದ.

ಜಂಗ್ಲಿಸಾಬರದು ಒಂದು ಪದ್ಧತಿ. ಮಷೀನು ಹಾಡುವ ಕೋಣೆಯಲ್ಲಿ ತಾವು ಒಮ್ಮೆ ಕೂತು ಬರದೆ ಅದರ ಮಾತನ್ನೇ ಆಡುವುದಿಲ್ಲ. ಬೆಳಿಗ್ಗೆ ಬನ್ನಿ ಎಂದರೆ ಬೇಡವೆಂದು, ಊರೆಲ್ಲ ದೀಪ ಹಚ್ಚಿ ಕರೆಂಟು ಬಳಲುವ ಹೊತ್ತಿಗೆ, ಸಂಜೆ ಏಳಕ್ಕೆ ಬಂದರು. ಮೊದಲು ಪ್ಲಗ್ಗಿಗೆ ಮೀಟರು ಚುಚ್ಚಿ ನೋಡಿದರು. ಕೋಣೆ ಎಷ್ಟು ಮಾರ್ದನಿಸುತ್ತದೆಂದು ಚಪ್ಪಾಳೆ ತಟ್ಟಿ ನೋಡಿದರು, ಕಿಟಕಿಗೆ ಒಂದು ಚಾದರ ಕಟ್ಟಿಸಿದರು. ಆಮೇಲೆ ಚೀಲದಿಂದ ತಮ್ಮದೊಂದು ಸಣ್ಣ ಮಷೀನು ತೆಗೆದು ಸ್ಪೀಕರಿಗೆ ಕಟ್ಟಿ, ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಹಾಡನ್ನು ಪೂರ್ತಿ ಕೇಳಿದರು.

“ಇದರಾಗ ಎಷ್ಟು ಮಂದಿ ಹೆಣ್ಮಕ್ಕಳು ಅದಾರ್ರೀ ಸರ?” ಎಂದರು.

ಎಣಿಸಿಲ್ಲ, ನಮ್ಮವ್ವ ಮತ್ತು ಅವಳ ಗುಂಪು ಎಂದ ಸುನೀಲ.

“ಗುಂಪು ಅಂದ್ರ ಲೆಕ್ಕ ಆಗಲಿಲ್ಲ. ನೀವು ವಾಟಿನ ಹಿಂದ ಬಿದ್ದೀರಿ, ಗದ್ದಲ ಬರ್ತೈತಿ. ಒಬ್ಬೊಬ್ಬರ್ನ ಬ್ಯಾರೆ ಬ್ಯಾರೆ ಎಣಿಸಾಕ ಬರಬೇಕು. ಅಂಥಾದ್ದು ಕೊಡ್ತೀನಿ, ಮೂರು ವಾರ ಬಿಡ್ರಿ.”

ಮೂರು ವಾರಕ್ಕೆ ಮಷೀನು ಬಂತು. ನಲವತ್ತು ವರ್ಷ ಹಳೆಯದು, ಹೈದರಾಬಾದಿನ ಗುಜರಿಯಲ್ಲಿ ಸಿಕ್ಕದ್ದು. ಒಳಗಿನ ದಣಿದ ಭಾಗಗಳನ್ನೆಲ್ಲ ಜಂಗ್ಲಿಸಾಬರು ಬದಲಿಸಿದ್ದರು, ಟ್ರಾನ್ಸ್‌ಫಾರ್ಮರು ಮಾತ್ರ ಹಳೆಯದೇ, ಕುಂಬಳಕಾಯಿಯಷ್ಟು ದಪ್ಪ. ವಾಟು ಬರೀ ನಲವತ್ತು. ಸ್ಟೆಬಿಲೈಜರೂ ಸೇರಿ ಇಪ್ಪತ್ತೆರಡು ಸಾವಿರ ತಗೊಂಡರು. ನೋಡಲು ಚೆಂದವೇನಿರಲಿಲ್ಲ, ಮುಂದೆ ಅರ್ಧ ಡಜನ್ ಗುಂಡಿ, ಮರದ ಮೈ ಅಲ್ಲಲ್ಲಿ ಬಿರಿದಿತ್ತು. ಸುನೀಲ ಬಾಗಿಲು ಹಾಕಿಕೊಂಡು ಹಾಡು ಹಚ್ಚಿದ. ಟಕ್ ಎನ್ನಲಿಲ್ಲ. ಸೊಲ್ಲೆತ್ತಿದ ದನಿ ಎಡತುದಿಗೆ ನಿಂತಿತು, ಉಳಿದವರು ಅಲ್ಲಿಂದ ಬಲಕ್ಕೆ ಸಾಲಾಗಿ ನಿಂತರು. ಒಬ್ಬಳಿಗೆ ಕೆಮ್ಮಿತ್ತು. ಒಬ್ಬಳು ಯಾಕೋ ನಗುತ್ತಿದ್ದಳು. ಎಣಿಸಿದ, ಒಂಬತ್ತು ಮಂದಿ. ಸಂಗನಬಸವನ ಮಾಳಿಗೆಯಲ್ಲಿ ಅವನಿಗೆ ಎಣಿಸಬೇಕೆಂದೂ ಹೊಳೆದಿರಲಿಲ್ಲ. ಹಿಗ್ಗಿನಿಂದ ಆಗಲೇ ಫೋನು ಮಾಡಿ, ರವಿವಾರ ಬಾ, ಈ ಸಲ ನಮ್ಮವ್ವನೂ ಇರ್ತಾಳ ಎಂದ. ಹೇಳುವಾಗ ದನಿಯಲ್ಲಿ ಎಷ್ಟು ಗೆಲುವಿತ್ತೆಂದರೆ, ಅಡಿಗೆಮನೆಯಲ್ಲಿದ್ದ ಸುರೇಖಾಳಿಗೆ ನಾಚಿಕೆಯಾಯಿತು.

ಶನಿವಾರ ಮಧ್ಯಾಹ್ನ ಗಾಳೆಮ್ಮ ಬಂದಳು. ಅರವತ್ತೆಂಟು ವರ್ಷ, ಸೊಂಟ ಸ್ವಲ್ಪ ಬಾಗಿತ್ತು, ಕಿವಿ ಚುರುಕಾಗಿತ್ತು. ಅವಳನ್ನು ಎರಡು ಸ್ಪೀಕರುಗಳ ನಡುವೆ ಕುರ್ಚಿಯಲ್ಲಿ ಕೂರಿಸಿ, ಏನೆಂದು ಹೇಳದೆ, ಹಾಡು ಹಚ್ಚಿ ಅವಳ ಮುಖ ನೋಡುತ್ತ ನಿಂತ. ಆ ಮುಖ ಅರಳುವುದನ್ನು ನೋಡಲು ಒಂದು ವರ್ಷ ಕಾದಿದ್ದ.

ಅರಳಲಿಲ್ಲ. ಮೊದಲ ಸೊಲ್ಲಿಗೇ ಗಾಳೆಮ್ಮ ಕುರ್ಚಿಯ ಕೈ ಗಟ್ಟಿಯಾಗಿ ಹಿಡಿದಳು. ನಾಲ್ಕು ಸೊಲ್ಲು ಕೇಳಿ, ಬಂದ್ ಮಾಡು ಎಂದಳು.

“ಇದು ನಂದಲ್ಲ. ಹುಲಿಗೆಮ್ಮಂದು. ಸೊಲ್ಲೆತ್ತತಿದ್ದಾಕಿ ಆಕಿ.”

ಸುನೀಲ ನಕ್ಕ, ಅವ್ವ ಮರೆತಿದ್ದಾಳೆ ಎಂದುಕೊಂಡ. ಅವಳು ನಗಲಿಲ್ಲ. ಮೆಲ್ಲಗೆ ಒಂದೊಂದೇ ಹೇಳಿದಳು. ಹುಲಿಗೆಮ್ಮ ಅವಳ ವಾರಿಗೆಯವಳೇ, ಆಚೆ ಓಣಿಯವಳು. ಇಬ್ಬರೂ ಒಂದೇ ವರ್ಷ ಗದ್ದೆಗಿಳಿದವರು. ದನಿ ಅವಳಿಗೆ ಬಂತು, ತನಗೆ ಬರಲಿಲ್ಲ. ಸಂಜೆ ಎಲ್ಲರ ಮುಂದೆ ಅವಳ ಉಡಿಗೆ ಒಂದು ಸೇರು ಅಕ್ಕಿ ಬೀಳುವಾಗ ತಾನು ಕಾಲು ತೊಳೆಯುವ ನೆವದಿಂದ ಕಾಲುವೆಗೆ ಹೋಗಿ ಕೂರುತ್ತಿದ್ದಳಂತೆ. ಇಪ್ಪತ್ತೈದು ವರ್ಷ ಹೀಗೇ ಉರಿದಳಂತೆ. ಮಕ್ಕಳು ಹಾಸ್ಟೆಲಿನಲ್ಲಿದ್ದರು, ಅವರಿಗೇನು ಗೊತ್ತಾಗಬೇಕು ಎಂದು ಒಂದು ಸಲ ಸುಳ್ಳು ಹೇಳಿದಳು. ಹೇಳಿದ ಮೇಲೆ ವಾಪಸು ತಗೊಳ್ಳಲು ಆಗಲಿಲ್ಲ.

ಸುನೀಲ ನೆಲದ ಮೇಲೇ ಕೂತ. ಅವ್ವನ ಮೇಲೆ ಸಿಟ್ಟು ಬರಲಿಲ್ಲ. ಬೇರೊಂದು ನೆನಪಾಗಿ ಕೇಳಿದ, ಸಂಗನಬಸವನಿಗೆ ಇದು ಗೊತ್ತಿತ್ತೇ ಎಂದು.

“ಗೊತ್ತಿಲ್ದೇನು? ಆ ಸೇರು ಅಳದು ಹಾಕ್ತಿದ್ದಾವನ ಅವನು.”

ಹಾಗಾದರೆ ಅವತ್ತು ಮಾಳಿಗೆಯಲ್ಲಿ ಇವನು ಕಣ್ಣೀರು ಹಾಕಿದಾಗ ಅವನು ರಿಮೋಟು ಹುಡುಕಿದ್ದು ಸುಮ್ಮನಲ್ಲ. ಅವನ ಹತ್ತಿರ ಇಲ್ಲದ್ದು, ತನ್ನ ಹತ್ತಿರ ಇರುವುದು ಎಂದು ಸುನೀಲ ಒಂದು ವರ್ಷ ಎದೆಯುಬ್ಬಿಸಿದ್ದ ಒಂದೇ ಒಂದು ವಸ್ತು, ಅವ್ವನ ಹಾಡು, ಅವನು ಕನಿಕರಪಟ್ಟು ಬಿಟ್ಟುಕೊಟ್ಟದ್ದು. ಅದಕ್ಕಿಂತ ಆ ಐದು ಕಿಲೋ ಅಕ್ಕಿಯೇ ವಾಸಿಯಾಗಿತ್ತು.

“ಇದರಾಗ ನೀ ಎಲ್ಲಿ ಅದೀ ಯವ್ವ?” ಎಂದು ಕೇಳಿದ.

ಗಾಳೆಮ್ಮ ಮತ್ತೆ ಹಚ್ಚಲು ಹೇಳಿ, ಕಣ್ಣು ಮುಚ್ಚಿ ಕೇಳಿ, ಬಲಗಡೆ ಬೆರಳು ತೋರಿಸಿದಳು. ಸಾಲಿನ ಕೊನೆ, ಬದುವಿನ ಪಕ್ಕ. ಸಣ್ಣ ದನಿ, ಎಲ್ಲರಿಗಿಂತ ಕೂದಲೆಳೆಯಷ್ಟು ಹಿಂದೆ. ಅಷ್ಟು ದಿನ ಎಣಿಸುವಾಗ ಅವನು ಒಂಬತ್ತನೆಯವಳು ಎಂದು ಎಣಿಸಿ ಬಿಟ್ಟ ದನಿ.

“ಈ ಮಷೀನಿನ್ಯಾಗ ಆಕಿದು ಸಣ್ಣ ಮಾಡಿ ನಂದು ದೊಡ್ಡದು ಮಾಡಾಕ ಬರ್ತೈತೇನು?” ಎಂದು ಕೇಳಿದಳು ಗಾಳೆಮ್ಮ. ಕೇಳುವಾಗ ಚಿಕ್ಕ ಹುಡುಗಿಯ ಹಾಗೆ ಬೇರೆ ಕಡೆ ನೋಡುತ್ತಿದ್ದಳು.

ಬರುವುದಿಲ್ಲ, ಏರಿಸಿದರೆ ಎಲ್ಲರೂ ಏರುತ್ತಾರೆ ಎನ್ನಹೋಗಿ ಸುನೀಲ ನಿಲ್ಲಿಸಿದ. ಸಂಗನಬಸವನ ಟೇಪಿಗೆ ಎಡಕ್ಕೊಂದು ಬಲಕ್ಕೊಂದು ಮೈಕು ಇದ್ದಿರಬೇಕು. ಹಳೆಯ ಮಷೀನಿನ ಗುಂಡಿಗಳಲ್ಲಿ ಒಂದು, ದನಿಯನ್ನು ಒಂದು ಮಗ್ಗುಲ ಸ್ಪೀಕರಿಗೆ ಸರಿಸುವ ಗುಂಡಿ. ಅದನ್ನು ಬಲಕ್ಕೆ ಪೂರ್ತಿ ತಿರುಗಿಸಿದ. ಹುಲಿಗೆಮ್ಮ ಗದ್ದೆಯ ಆಚೆ ಬದುವಿಗೆ ಸರಿದಳು, ಇದ್ದೂ ಇಲ್ಲದಂತಾದಳು. ಗಾಳೆಮ್ಮ ಹತ್ತಿರ ಬಂದಳು. ಕುರ್ಚಿಯಲ್ಲಿದ್ದ ಗಾಳೆಮ್ಮ ನೆಟ್ಟಗೆ ಕೂತು ನಕ್ಕಳು, ಇದ್ದ ನಾಲ್ಕು ಹಲ್ಲೂ ಕಾಣುವಂತೆ.

ಎರಡು ಸೊಲ್ಲು, ಮೂರು ಸೊಲ್ಲು. ಹಾಡುವವಳು ಇಲ್ಲದೆ ಬರೀ ತಿರುಗಿ ಹೇಳುವವಳ ದನಿ ಬಂದು, ನಿಂತು, ಮತ್ತೆ ಬಂದು, ನಿಲ್ಲುತ್ತಿತ್ತು. ಅವಳ ನಗು ಮೆಲ್ಲಗೆ ಇಳಿಯಿತು.

“ಯಾರಿಗೆ ಹೇಳಾಕತ್ತೀನಿ ನಾ?” ಎಂದಳು. “ಆಕಿನ್ನ ತಿರುಗಿ ತಾ.”

ಸುನೀಲ ಗುಂಡಿಯನ್ನು ನಡುವಿಗೆ ತಂದ.

ರವಿವಾರ ಸಂಗನಬಸವ ಒಬ್ಬನೇ ಬಂದ. ಬರುವುದು ಬೇಡವೆಂದು ಫೋನು ಮಾಡಲು ಸುನೀಲ ಬೆಳಿಗ್ಗೆಯಿಂದ ಎರಡು ಸಲ ಮೊಬೈಲು ಎತ್ತಿ ಇಟ್ಟಿದ್ದ. ಹಾಡು ಹಚ್ಚುವ ಮೊದಲೇ, ಚಹಾ ಕೊಡುವ ಮೊದಲೇ, ಅವ್ವ ಹಿತ್ತಲಲ್ಲಿದ್ದಾಗ ಹೇಳಿಬಿಟ್ಟ. “ಇದು ನಮ್ಮವ್ವನ ಸೊಲ್ಲಲ್ಲ. ಹುಲಿಗೆಮ್ಮಂದು. ನಿನಗ ಗೊತ್ತಿತ್ತು.” ಆ ಮೂರು ಮಾತಿಗೆ ಅವನಿಗೆ ಸ್ಪೀಕರು, ಆಂಪ್ಲಿಫೈಯರು ಎರಡಕ್ಕಿಂತ ಹೆಚ್ಚು ಖರ್ಚಾಯಿತು.

ಸಂಗನಬಸವ ತಲೆ ತಗ್ಗಿಸಿದ. ಗೊತ್ತಿತ್ತು ಎಂದ. ಹಾಗಾದರೆ ಯಾಕೆ ಹೇಳಲಿಲ್ಲ, ನನ್ನ ಮೇಲೆ ಅಷ್ಟು ಕನಿಕರವೇ ಎಂದು ಸುನೀಲ ಕೇಳಿದ.

“ಕನಿಕರ ಎಲ್ಲೀದು? ಹೊಟ್ಟಿಕಿಚ್ಚು” ಎಂದ ಸಂಗನಬಸವ. “ನೀ ನಿಮ್ಮವ್ವನ ದನಿ ಅಂತ ಅತ್ತಿ. ನಮ್ಮವ್ವ ಜಂಬಮ್ಮ ಹೋಗಿ ಹನ್ನೊಂದು ವರ್ಷಾತು. ಊರ ಹೆಣ್ಮಕ್ಕಳದೆಲ್ಲ ಟೇಪ್ ಮಾಡೀನಿ, ಆಕಿದು ಒಂದು ಮಾತು ನನ್ನ ಹತ್ರ ಇಲ್ಲ. ಅಷ್ಟು ದೊಡ್ಡ ಮಷೀನು ಇಟ್ಕೊಂಡು ಏನು ಹಚ್ಚಲಿ? ಹಂಗ ಒಮ್ಮಿ ಅಳಬೇಕು ಅನ್ನಿಸ್ತು. ನಿನ್ನಿಂದ ಅದನ್ನ ಕಸಕೊಳ್ಳಾಕ ಮನಸು ಬರಲಿಲ್ಲ.”

ಸುನೀಲ ಅವನ ಮುಖ ನೋಡಿದ. ಆ ಉರಿಯನ್ನು ಅವನು ಚೆನ್ನಾಗಿ ಬಲ್ಲ, ಗುರುತು ಹಿಡಿಯಲು ಒಂದು ಕ್ಷಣವೂ ಬೇಕಾಗಲಿಲ್ಲ. ಹಿತ್ತಲಿನಿಂದ ಅವ್ವನನ್ನು ಕರೆದ. ಎರಡು ಸ್ಪೀಕರುಗಳ ನಡುವಿನ ಒಳ್ಳೆಯ ಜಾಗದಲ್ಲಿ ಇನ್ನೊಂದು ಕುರ್ಚಿ ಹಾಕಿ ಸಂಗನಬಸವನನ್ನು ಅವಳ ಪಕ್ಕ ಕೂರಿಸಿ, ತಾನು ಬಾಗಿಲ ಬಳಿ ನಿಂತು ಹಾಡು ಹಚ್ಚಿದ.